ದೀಪ ಸೂರಿನಲ್ಲಿ, ಸೂಜಿ ಕತ್ತಲಲ್ಲಿ

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮಧ್ಯಾಹ್ನದ ಹೊತ್ತು ಯಾವುದಾದರೂ ಮ್ಯಾಚಿಂಗ್ ಸೆಂಟರಿನ ಎದುರು ಹತ್ತು ನಿಮಿಷ ನಿಂತು ನೋಡಿ. ಅಂಗಡಿಯೊಳಗೆ ಸಾಲು ಸಾಲು ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಆದರೂ ಸೀರೆಯ ಅಂಚನ್ನು ಒಂದು ಕೈಯಲ್ಲೂ ಬ್ಲೌಸ್ ಪೀಸಿನ ತುದಿಯನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡ ಹೆಂಗಸರು ಮೆಟ್ಟಿಲಿಳಿದು ಫುಟ್‌ಪಾತಿಗೆ ಬರುತ್ತಾರೆ. ‘ಹೊರಗಡೆ ಬೆಳಕಲ್ಲಿ ನೋಡ್ಕೊಂಡ್ ಬನ್ನಿ ಅಕ್ಕ, ಕಟ್ ಮಾಡಿದ್ಮೇಲೆ ವಾಪಸ್ ತಗೊಳಲ್ಲ’ ಎಂದು ಅಂಗಡಿಯ ಹುಡುಗನೇ ಹೇಳಿ ಕಳಿಸುತ್ತಾನೆ. ತನ್ನ ಅಂಗಡಿಯ ಬೆಳಕನ್ನು ತಾನೇ ನಂಬದ ವ್ಯಾಪಾರಸ್ಥ ಬೇರೆ ಯಾವ ಕಸುಬಿನಲ್ಲೂ ಸಿಗಲಾರ.

ಹೀಗೆ ಬಿಸಿಲಿನ ಸಾಕ್ಷಿಯಲ್ಲಿ ಆಯ್ದ ಬಟ್ಟೆ ಅಲ್ಲಿಂದ ಟೈಲರ್ ಅಂಗಡಿಗೆ ಹೋಗುತ್ತದೆ. ಮೆಟ್ಟಿಲ ಕೆಳಗಿನ ಸಂದಿಯಲ್ಲೋ, ಹಳೆಯ ಮನೆಯ ನಡುಕೋಣೆಯಲ್ಲೋ, ಕಾರು ನಿಲ್ಲಿಸಬೇಕಿದ್ದ ಜಾಗದಲ್ಲೋ ಇರುವ ಅಂಗಡಿ. ಟ್ಯೂಬ್‌ಲೈಟು ಟೈಲರ್ ಬೆನ್ನ ಹಿಂದಿನ ಗೋಡೆಯ ಮೇಲೆ, ಮೆಷಿನ್ನು ಎದುರಿನ ಗೋಡೆಗೆ. ಅವರು ಬಗ್ಗಿದರೆ ಸಾಕು, ಅವರ ತಲೆಯ ನೆರಳೇ ಸೂಜಿಯ ಮೇಲೆ ಬೀಳುತ್ತದೆ. ನೆರಳು ತಪ್ಪಿಸಲು ಇನ್ನಷ್ಟು ಬಗ್ಗುತ್ತಾರೆ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ‘ಕಣ್ಣು ಮೊದಲಿನ ಹಾಗಿಲ್ಲ’ ಎಂದು ವಯಸ್ಸಿನ ಮೇಲೆ ಹಾಕುತ್ತಾರೆ. ವಯಸ್ಸಿನದೂ ಪಾಲಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ದೊಡ್ಡ ಪಾಲು ಆ ಟ್ಯೂಬ್‌ಲೈಟು ಕೂತ ಜಾಗದ್ದು. ದೀಪ ಕೊಳ್ಳಲು ಹೋದವರೆಲ್ಲ ಕೇಳುವುದು ‘ಎಷ್ಟು ವ್ಯಾಟ್?’ ಎಂದು. ‘ಎಲ್ಲಿ ಕೂರಿಸಬಹುದು, ಎಲ್ಲಿಯವರೆಗೆ ಬಗ್ಗುತ್ತದೆ?’ ಎಂದು ಮೊದಲು ಕೇಳಬೇಕು ಎನ್ನುವುದೇ ಈ ಲೇಖನದ ತಕರಾರು.

ಬೆಂಗಳೂರಿನಲ್ಲಿ ಮೊದಲ ಕರೆಂಟು ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು, ಈಗಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ, ಅಂದರೆ ಚಾಮರಾಜಪೇಟೆಯಿಂದ ಕೂಗಳತೆಯಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು. ಊರಿನ ಪಾಳಿ ಮೂರು ವರ್ಷ ತಡವಾಗಿ ಬಂತು. (ಏಷ್ಯಾದಲ್ಲೇ ಮೊದಲು ನಮಗೆ ಬಂತು ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ಜಂಭ ಬೇಡ. ಕಲ್ಕತ್ತಕ್ಕೆ 1899ರಲ್ಲೇ ಬಂದಿತ್ತು.) ಅದಕ್ಕೂ ಮೊದಲು ಬುಡ್ಡಿದೀಪ, ಲಾಟೀನುಗಳ ಕಾಲ. ಅವುಗಳ ಬೆಳಕು ಏನೇನೂ ಸಾಲದು, ನಿಜ. ಆದರೆ ಲಾಟೀನು ಕರೆದಲ್ಲಿಗೆ ಬರುತ್ತಿತ್ತು. ಸೂಜಿಗೆ ದಾರ ಪೋಣಿಸಬೇಕೆಂದರೆ ಹತ್ತಿರ ಎಳೆದುಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೆ ದೂರ ತಳ್ಳುತ್ತಿದ್ದರು. ಕರೆಂಟು ಬಂದ ಮೇಲೆ ದೀಪ ಸೂರಿಗೆ ಏರಿ ಕೂತಿತು. ಕೋಣೆಗೊಂದು ದೀಪ, ಬಾಗಿಲ ಪಕ್ಕ ಒಂದು ಸ್ವಿಚ್ಚು. ಓಡಾಡಲು, ಊಟ ಮಾಡಲು, ನೆಂಟರ ಜೊತೆ ಹರಟಲು ಅದು ಸಾಕು. ಹೊಲಿಗೆಗೆ ಸಾಲದು.

ಎಷ್ಟು ಸಾಲದು ಎನ್ನುವುದಕ್ಕೆ ಲೆಕ್ಕವಿದೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಕೆಲಸದ ಜಾಗಗಳ ಬೆಳಕಿನ ಬಗ್ಗೆ ಯುರೋಪಿನವರು ಮಾಡಿಕೊಂಡಿರುವ ಮಾನದಂಡದಲ್ಲಿ ಹೊಲಿಗೆಗೆ 750 ಲಕ್ಸ್ ಇರಬೇಕು, ಬಟ್ಟೆಯ ಬಣ್ಣ ಪರೀಕ್ಷಿಸಲು 1,000, ಕಾಣದ ಹಾಗೆ ರಫೂ ಮಾಡಲು 1,500. ಒಡವೆ ಮಾಡಲು 1,000, ಕೈಯಲ್ಲಿ ಗಡಿಯಾರ ಜೋಡಿಸಲು 1,500. ಈಗ ಬಸವನಗುಡಿಯ ಒಂದು ಹಳೆಯ ಮನೆಗೆ ಬನ್ನಿ. ಎತ್ತರದ ಸೂರು, ನಡುವೆ ಒಂದು 9 ವ್ಯಾಟಿನ ಎಲ್ಇಡಿ ಬಲ್ಬು. 2015ರ ಕೊನೆಯಲ್ಲಿ ಸರ್ಕಾರ ‘ಹೊಸ ಬೆಳಕು’ ಎಂದು ಕಡಿಮೆ ಬೆಲೆಗೆ ಹಂಚಿತಲ್ಲ, ಆ ಜಾತಿಯದು. ಮೆಷಿನ್ ಮೇಜಿನಿಂದ ಬಲ್ಬಿಗೆ ಒಂಬತ್ತು ಅಡಿ ಎನ್ನೋಣ. ಸೂಜಿಯ ಬಳಿಗೆ ನೇರವಾಗಿ ಬಂದು ಬೀಳುವ ಬೆಳಕು 40 ಲಕ್ಸ್ ದಾಟುವುದು ಕಷ್ಟ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೆ ಇನ್ನೊಂದಿಷ್ಟು ಸೇರೀತು.

ಅದೇ ಬಲ್ಬನ್ನು ಒಂದೂವರೆ ಅಡಿಗೆ ಇಳಿಸಿ. ದೂರ ಆರು ಪಟ್ಟು ಕಡಿಮೆಯಾಯಿತು. ಬೆಳಕು ಆರು ಪಟ್ಟು ಹೆಚ್ಚುವುದಿಲ್ಲ, ಆರಾರಲೇ ಮೂವತ್ತಾರು ಪಟ್ಟು ಹೆಚ್ಚುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ಇದೇ. 9 ವ್ಯಾಟೂ ಬೇಕಿಲ್ಲ. 5 ವ್ಯಾಟಿನ, ಸುಮಾರು 400 ಲ್ಯೂಮೆನ್ ಕೊಡುವ ದೀಪವನ್ನು ಒಳಮೈ ಬಿಳಿಯಿರುವ ಒಂದು ಕುಲಾವಿಯೊಳಗೆ ಕೂರಿಸಿ ಒಂದೂವರೆ ಅಡಿ ಮೇಲಿಂದ ಬಿಟ್ಟರೆ ಬಟ್ಟೆಯ ಮೇಲೆ 1,000 ಲಕ್ಸಿನ ಹತ್ತಿರ ಬೀಳುತ್ತದೆ. ಸೂರಿನ ಬಲ್ಬನ್ನು 9ರಿಂದ 20 ವ್ಯಾಟಿಗೆ ಏರಿಸಿದರೂ ಅದರ ಕಾಲುಭಾಗ ಬರುವುದಿಲ್ಲ.

ಹಾಗೆಂದು ಸೂರಿನ ದೀಪ ಆರಿಸಿ, ಕತ್ತಲಲ್ಲಿ ಒಂದೇ ದೀಪದ ಕೆಳಗೆ ಕೂತು ಹೊಲಿಯಬೇಡಿ. ಕಣ್ಣು ಬೆಳ್ಳನೆಯ ಬಟ್ಟೆಯಿಂದ ಕತ್ತಲ ಗೋಡೆಗೆ, ಗೋಡೆಯಿಂದ ಬಟ್ಟೆಗೆ ಹಾರಿ ಹಾರಿ ದಣಿಯುತ್ತದೆ. ಸೂಜಿಯ ಬಳಿ 750 ಲಕ್ಸ್ ಇದ್ದರೆ ಅದರ ಸುತ್ತಮುತ್ತ 500 ಇರಲಿ ಎಂದು ಅದೇ ಮಾನದಂಡ ಹೇಳುತ್ತದೆ. ಗೋಡೆಯ ಟ್ಯೂಬ್‌ಲೈಟು ಅದರ ಪಾಡಿಗೆ ಉರಿಯಲಿ.

ನಮ್ಮ ಹಳೆಯ ಬಡಾವಣೆಗಳು ಹುಟ್ಟಿದಾಗ ಹಗಲ ಬೆಳಕಿನ ಲೆಕ್ಕವಿತ್ತು. 1898ರ ಪ್ಲೇಗಿನ ಭಯದಲ್ಲಿ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕು ಎನ್ನುವುದು ಬದುಕಿನ ಪ್ರಶ್ನೆಯಾಗಿತ್ತು. ಮುಂದೆ ಜಗಲಿ, ಕಿಟಕಿಯ ಮೇಲೆ ಮಂಕಿ ಟಾಪ್ ಎನ್ನುವ ಮರದ ಪಟ್ಟಿಯ ಚೂಪು ಮಾಡು, ನಡುಮನೆಗೆ ಒಂದು ಬೆಳಕಿಂಡಿ, ಅಡುಗೆಮನೆಯ ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚು. ಹೊಲಿಗೆ ಮೆಷಿನ್ನು ಕಿಟಕಿಯ ಬುಡದಲ್ಲೋ ಜಗಲಿಯಲ್ಲೋ ಇರುತ್ತಿದ್ದುದು ಸುಮ್ಮನೆ ಅಲ್ಲ. ವಠಾರದ ಮನೆಗಳಲ್ಲಿ ಒಳಗೆ ಬೆಳಕು ಸಾಲದೆ ಹೆಂಗಸರು ಹೆಮ್ಮಿಂಗು, ಕಾಜಾ, ಹುಕ್ಕಿನ ಕೆಲಸವನ್ನೆಲ್ಲ ಹೊಸ್ತಿಲ ಮೇಲೆ ಕೂತೇ ಮಾಡುತ್ತಿದ್ದರು. ಈಗ ಆ ಸೈಟುಗಳಲ್ಲಿ ನಾಲ್ಕಂತಸ್ತು ಎದ್ದು, ಪಕ್ಕದ ಮನೆಯ ಗೋಡೆ ಕೈಗೆ ತಾಗುವಷ್ಟು ಹತ್ತಿರ ಬಂದಿದೆ. ಕಿಟಕಿ ಇದೆ, ಬೆಳಕು ಬರುವುದಿಲ್ಲ.

ಕಿಟಕಿಯಿಂದ ಬೆಳಕು ಬರುವ ಪುಣ್ಯವಂತರಿಗೆ ಒಂದು ಮಾತು. ಕುಶಲ ಕೆಲಸಕ್ಕೆ ಉತ್ತರದ ಕಿಟಕಿಯ ಬೆಳಕು ಶ್ರೇಷ್ಠ, ಅಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಯುರೋಪಿನ ಚಿತ್ರಕಾರರ ಅನುಭವ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ನಿಮ್ಮ ಉತ್ತರದ ಕಿಟಕಿಯೊಳಗೆ ಬಿಸಿಲು ಓರೆಯಾಗಿ ನುಗ್ಗುತ್ತದೆ. ರೇಷ್ಮೆ ಹರವಿಟ್ಟಿದ್ದರೆ ಬಣ್ಣಕ್ಕೆ ಏಟು. ಒಂದು ತೆಳು ಬಿಳಿ ಪರದೆ ಹಾಕಿ, ಮುಗಿಯಿತು.

ಈಗ ಮೆಷಿನ್ನಿನ ಹತ್ತಿರ ಬಂದು ಕೂರೋಣ. ಉಷಾ ಇರಲಿ, ಸಿಂಗರ್ ಇರಲಿ, ಮೆರಿಟ್ ಇರಲಿ, ಆಕಾರ ಒಂದೇ. ಬಲಗಡೆ ಗಾಲಿ, ಗಾಲಿಯ ಪಕ್ಕ ಕಂಬ, ಕಂಬದಿಂದ ಎಡಕ್ಕೆ ಚಾಚಿದ ತೋಳು, ತೋಳಿನ ತುದಿಯಲ್ಲಿ ತಲೆ, ತಲೆಯ ಕೆಳಗೆ ಸೂಜಿ. ಬಲದಿಂದ ಬೆಳಕು ಬಿಟ್ಟರೆ ಕಂಬ ಅಡ್ಡ ನಿಲ್ಲುತ್ತದೆ. ಹಿಂದಿನಿಂದ ಬಿಟ್ಟರೆ ನಿಮ್ಮ ತಲೆ ಅಡ್ಡ. ನೆತ್ತಿಯಿಂದ ಬಿಟ್ಟರೆ ಮೆಷಿನ್ನಿನ ತೋಳೇ ಅಡ್ಡವಾಗಿ, ತೋಳಿನ ಕೆಳಗೆ ಬಟ್ಟೆ ಹಾದುಹೋಗುವ ಜಾಗವೆಲ್ಲ ಮಸುಕು. ಉಳಿದಿರುವುದು ಒಂದೇ ದಿಕ್ಕು: ಎಡಗಡೆ, ಸ್ವಲ್ಪ ಮುಂದೆ, ಮೆಷಿನ್ನಿನ ತಲೆಗಿಂತ ತುಸು ಮೇಲೆ. ಅಲ್ಲಿಂದ ಬೆಳಕು ಬಿದ್ದರೆ ಸೂಜಿಯ ಕಣ್ಣು, ಪಾದದ ಎರಡು ಬೆರಳು, ಅದರ ಕೆಳಗೆ ಸರಿಯುವ ಬಟ್ಟೆಯ ಅಂಚು ಮೂರೂ ಒಟ್ಟಿಗೆ ಕಾಣುತ್ತವೆ. ಅಂಚಿನಿಂದ ಒಂದು ನೂಲಿನಷ್ಟು ಒಳಗೆ ಹೊಲಿಗೆ ಹಾಕಬೇಕಾದಾಗ, ಕಟೋರಿ ಬ್ಲೌಸಿನ ತಿರುವಿನಲ್ಲಿ, ಈ ಮೂರು ಒಟ್ಟಿಗೆ ಕಾಣದಿದ್ದರೆ ಹೊಲಿಗೆ ಬಿಚ್ಚುವ ಕೆಲಸ ಗ್ಯಾರಂಟಿ.

ಇಲ್ಲೊಂದು ತೊಡಕಿದೆ. ಬಟ್ಟೆ ಹರಡಿಕೊಳ್ಳುವುದೂ ಎಡಗಡೆಗೇ. ಐದೂವರೆ ಮೀಟರಿನ ಸೀರೆಗೆ ಫಾಲ್ಸ್ ಹಚ್ಚುವಾಗ ಮೇಜಿನ ಎಡಭಾಗದಲ್ಲಿ ಸ್ಟ್ಯಾಂಡಿನ ಟೇಬಲ್ ಲ್ಯಾಂಪ್ ಇಟ್ಟರೆ ಸೀರೆ ಅದನ್ನು ಎಳೆದು ಕೆಡವುತ್ತದೆ. ಹೀಗಾಗಿ ಓದುವ ಮಕ್ಕಳಿಗೆಂದು ಮಾರುವ ಅಗಲ ಪೀಠದ ಲ್ಯಾಂಪು, ಎಷ್ಟೇ ಚೆಂದವಿರಲಿ, ಹೊಲಿಗೆಗೆ ನಾನು ಬೇಡ ಎನ್ನುತ್ತೇನೆ. ದೀಪದ ಬೇರು ಗೋಡೆಯಲ್ಲೋ ಮೇಜಿನ ಹಿಂಬದಿಯ ಅಂಚಿನಲ್ಲೋ ಇರಬೇಕು. ತೋಳು ಅಲ್ಲಿಂದ ಮೆಷಿನ್ನಿನ ಮೇಲೆ ಹಾದು ಎಡಕ್ಕೆ ಬರಬೇಕು.

ಆ ತೋಳನ್ನು ಕಂಡುಹಿಡಿದವರು ದೀಪದ ಕಸುಬಿನವರಲ್ಲ, ಕಾರಿನ ಸ್ಪ್ರಿಂಗಿನವರು. ಇಂಗ್ಲೆಂಡಿನ ಬಾತ್ ಊರಿನಲ್ಲಿ ಕಾರುಗಳ ಸಸ್ಪೆನ್ಷನ್ ಮೇಲೆ ಕೆಲಸ ಮಾಡುತ್ತಿದ್ದ ಜಾರ್ಜ್ ಕಾರ್ವರ್ಡಿನ್ ಎಂಬ ಎಂಜಿನಿಯರ್ 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸ್ಪ್ರಿಂಗಿನ ಎಳೆತವೂ ದೀಪದ ತೂಕವೂ ಸರಿಸಮ ಇರುವುದರಿಂದ ಒಂದು ಬೆರಳಲ್ಲಿ ತಳ್ಳಿದರೆ ತಳ್ಳಿದಲ್ಲೇ ನಿಲ್ಲುತ್ತದೆ. ಆ್ಯಂಗಲ್‌ಪಾಯ್ಸ್ ಎಂದು ಅದರ ಹೆಸರು. ಇವತ್ತು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲೋ ಎಸ್.ಪಿ. ರಸ್ತೆಯಲ್ಲೋ ‘ಸ್ಪ್ರಿಂಗ್ ಇರೋ ಕ್ಲಾಂಪ್ ಲ್ಯಾಂಪ್’ ಎಂದು ಕೇಳಿದರೆ ಸಿಗುವುದೆಲ್ಲ ಅದರ ಮೊಮ್ಮಕ್ಕಳು. ಕೊಳ್ಳುವಾಗ ಬಲ್ಬು ಹಚ್ಚಿ ನೋಡುವುದಕ್ಕಿಂತ ಮೊದಲು ತೋಳನ್ನು ಪೂರ್ತಿ ಚಾಚಿ ಕೈ ಬಿಡಿ. ಕುಸಿದರೆ ಅಲ್ಲೇ ಬಿಟ್ಟು ಬನ್ನಿ. ತೋಳು ಚಾಚಿದಾಗ ಎರಡೂವರೆ ಅಡಿಯಾದರೂ ಬರಬೇಕು. ಕ್ಲಾಂಪಿನ ಬಾಯಿ ನಿಮ್ಮ ಮೇಜಿನ ಹಲಗೆಯ ದಪ್ಪಕ್ಕೆ ಸಾಕೇ ಎನ್ನುವುದನ್ನು ಮನೆಯಿಂದ ಹೊರಡುವಾಗಲೇ ಅಳೆದುಕೊಂಡು ಹೋಗಿ.

ಟೈಲರ್‌ಗಳ ನಡುವೆ ಈಗ ಚಲಾವಣೆಯಲ್ಲಿರುವುದು ಇನ್ನೊಂದು: ಬುಡದಲ್ಲಿ ಮ್ಯಾಗ್ನೆಟ್, ಮೇಲೆ ಬಗ್ಗುವ ಕತ್ತು, ತುದಿಯಲ್ಲಿ ಹತ್ತಿಪ್ಪತ್ತು ಎಲ್ಇಡಿ ಕಾಳು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾರ್ಮೆಂಟ್ ಕಾರ್ಖಾನೆಯ ಸಾಲುಗಳಲ್ಲಿರುವುದೂ ಇದೇ. ಮೆಷಿನ್ನಿನ ತಲೆಗೇ ಅಂಟಿಕೊಳ್ಳುವುದರಿಂದ ಮೇಜಿನ ಜಾಗ ತಿನ್ನುವುದಿಲ್ಲ, ಸೀರೆಗೆ ಸಿಕ್ಕುವುದಿಲ್ಲ, ಸೂಜಿಯಿಂದ ಒಂದು ಗೇಣಿನಲ್ಲಿ ಬೆಳಕು ನಿಲ್ಲುತ್ತದೆ. ದುಡ್ಡಿಗೆ ತಕ್ಕ ದೀಪ ಯಾವುದೆಂದರೆ ನಾನು ಮೊದಲು ತೋರಿಸುವುದು ಇದನ್ನೇ. ಆದರೆ ನೋಡಬೇಕಾದ್ದು ಕೆಲವಿದೆ. ಅಜ್ಜಿಯ ಕಾಲದ ಕಪ್ಪು ಮೆಷಿನ್ನಿನ ಮೈ ಬೀಡು ಕಬ್ಬಿಣ; ಮ್ಯಾಗ್ನೆಟ್ ಕಚ್ಚಿ ಹಿಡಿಯುತ್ತದೆ. ಈಚಿನ ಹಗುರ ಮೆಷಿನ್ನುಗಳ ಮೈ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ಕು. ಅಲ್ಲಿ ಜಾರಿ ಬೀಳುತ್ತದೆ. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಒಂದನ್ನು ತಂದು ಮೆಷಿನ್ನಿಗೆ ತಾಗಿಸಿ ನೋಡಿದರೆ ಅಂಗಡಿಗೆ ಹೋಗುವ ಮೊದಲೇ ಇದು ಗೊತ್ತಾಗುತ್ತದೆ. ವೈರು ಗಾಲಿಯ ಕಡೆಗೆ, ಬೆಲ್ಟಿನ ಕಡೆಗೆ ಜೋತಾಡದಂತೆ ಹಿಂಬದಿಯಿಂದ ಒಯ್ದು ಕಟ್ಟಿ. ಅಂಟಿದ ಮ್ಯಾಗ್ನೆಟ್ಟಿಗೆ ಗುಂಡುಪಿನ್ನು, ಮುರಿದ ಸೂಜಿಯ ಚೂರು ಬಂದು ಸೇರಿಕೊಳ್ಳುತ್ತವೆ. ಅದನ್ನು ಜಾಗ ಬದಲಿಸುವಾಗ ಬೆರಳು ಜೋಪಾನ. ಯುಎಸ್‌ಬಿ ಮೇಲೆ ಓಡುವ ಬಗೆ ಸಿಕ್ಕಿದರೆ ಅದನ್ನೇ ಆರಿಸಿ. ಕರೆಂಟು ಹೋದಾಗ ಪವರ್ ಬ್ಯಾಂಕಿಗೆ ಸಿಕ್ಕಿಸಬಹುದು, ಮದುವೆ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮೆಷಿನ್ನಿಗೇ ಇರುವ ಪುಟ್ಟ ಬಲ್ಬು ಸಾಲದೇ ಎನ್ನುವಿರಿ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಅದು ಅಕ್ಷರಶಃ ನಿಜ ಮಾಡುತ್ತದೆ: ತಲೆಯ ಹಿಂದೆ ಕೂತ ಬಲ್ಬು ಸೂಜಿಯ ಎಡಗಡೆ ಬೆಳಗಿ ಬಲಗಡೆಯನ್ನು ಬಿಟ್ಟುಬಿಡುತ್ತದೆ. ಹಳೆಯ 15 ವ್ಯಾಟಿನ ತಂತಿ ಬಲ್ಬಾದರೆ ಅರ್ಧ ಗಂಟೆಯಲ್ಲಿ ಕೆನ್ನೆಗೆ ಶಾಖ ತಾಗುತ್ತದೆ. ಅದರ ಬದಲಿಗೆ ಎಲ್ಇಡಿ ಸಿಗುತ್ತದೆ. ಬುಡದಲ್ಲಿ ತಿರುಪಿನದು, ಪಿನ್ನಿನದು ಎಂದು ಎರಡು ಬಗೆ ಇರುವುದರಿಂದ ಹಳೆಯದನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.

ಬಣ್ಣದ ವಿಷಯಕ್ಕೆ ಬಂದರೆ ಅಂಗಡಿಯವರು ನಿಮ್ಮನ್ನು ಗಲಿಬಿಲಿ ಮಾಡುವುದು ಖಂಡಿತ. ‘ವಾರ್ಮ್ ಬೇಕಾ, ಕೂಲ್ ಬೇಕಾ ಸಾರ್?’ ಎನ್ನುತ್ತಾರೆ. ವಾರ್ಮ್ ವೈಟ್ ಎಂದರೆ 2,700ರಿಂದ 3,000 ಕೆಲ್ವಿನ್, ಹಳದಿ ಬೆಳಕು. ಕೂಲ್ ಡೇಲೈಟ್ ಎಂದರೆ 6,500 ಕೆಲ್ವಿನ್, ನಮ್ಮೂರಿನ ಜನ ಇಷ್ಟಪಡುವ ಹಾಲಿನಂಥ ಬೆಳ್ಳನೆ ಬೆಳಕು. ನಡುವೆ 4,000 ಕೆಲ್ವಿನ್ನಿನ ನ್ಯೂಟ್ರಲ್ ವೈಟ್. ಹಳದಿ ಬೆಳಕಿನಲ್ಲಿ ಕಡುನೀಲಿಯೂ ಕಪ್ಪೂ ಒಂದೇ ಆಗಿ ಕಾಣುತ್ತವೆ. ಶಾಲೆಯ ನೀಲಿ ಯೂನಿಫಾರ್ಮಿಗೆ ಕಪ್ಪು ದಾರ ಏರಿಸಿ ಬೈಸಿಕೊಂಡ ಟೈಲರ್‌ಗಳು ಎಷ್ಟೋ. ದಿನವಿಡೀ ಹೊಲಿಯುವವರಿಗೆ 4,000 ಹಿತ ಎನ್ನುವುದು ನನ್ನ ಪಕ್ಷಪಾತ. ದಾರ ಹೊಂದಿಸುವುದೇ ಮುಖ್ಯ ಕೆಲಸವಾದರೆ 6,500 ಇರಲಿ. ಬಟ್ಟೆ ಗಿರಣಿಗಳ ಬಣ್ಣ ಪರೀಕ್ಷೆಯ ಪೆಟ್ಟಿಗೆಗಳಲ್ಲಿರುವುದೂ ಆ ಬಗೆಯ ಬೆಳಕೇ.

ಆದರೆ ಬೆಳಕಿನ ಬಣ್ಣ ಒಂದು, ಆ ಬೆಳಕಿನಲ್ಲಿ ವಸ್ತುವಿನ ಬಣ್ಣ ಕಾಣುವ ಬಗೆ ಇನ್ನೊಂದು. ಎರಡನೆಯದನ್ನು ಡಬ್ಬದ ಮೇಲೆ ಸಿಆರ್‌ಐ ಎಂದು ಬರೆದಿರುತ್ತಾರೆ. ತಂತಿ ಬಲ್ಬಿಗೆ ಅದು 100ರ ಹತ್ತಿರ. ಮಾಮೂಲಿ ಎಲ್ಇಡಿಗೆ 80. ಎಂಬತ್ತು ಅಂಕ ಚೆನ್ನಾಗಿದೆಯಲ್ಲ ಎನಿಸಬಹುದು, ಆದರೆ ಆ ಅಂಕವನ್ನು ಎಂಟು ಪೇಲವ ಬಣ್ಣಗಳ ಸರಾಸರಿಯಿಂದ ಕೊಡುತ್ತಾರೆ. ಗಾಢ ಕೆಂಪು ಆ ಪರೀಕ್ಷೆಗೆ ಕೂರುವುದೇ ಇಲ್ಲ. ಅದಕ್ಕೆ ಆರ್9 ಎಂದು ಬೇರೆಯೇ ಲೆಕ್ಕ, ಅಗ್ಗದ ದೀಪಗಳು ಫೇಲಾಗುವುದು ಅಲ್ಲೇ. ನಮ್ಮ ಮದುವೆ ಸೀರೆಗಳನ್ನು ನೆನೆಸಿಕೊಳ್ಳಿ: ಕುಂಕುಮ ಕೆಂಪು, ಮರೂನ್, ಮೆಜೆಂತಾ, ಅರಕಿನ ಬಣ್ಣ. ಇವೆಲ್ಲ ಆರ್9 ಬಡವಾದ ದೀಪದ ಕೆಳಗೆ ಕಂದು ಕಂದಾಗಿ ಕಾಣುತ್ತವೆ. ಸಿಆರ್‌ಐ 90ಕ್ಕಿಂತ ಮೇಲಿನದನ್ನೇ ಕೇಳಿ. ಒಂದಿಷ್ಟು ಹೆಚ್ಚು ದುಡ್ಡು ಕೊಡಬೇಕಾದರೆ ಅದು ಇದಕ್ಕೆ ಮಾತ್ರ.

ಎಂಟನೇ ಕ್ರಾಸಿನ ಹೆಂಗಸರು ಫುಟ್‌ಪಾತಿಗೆ ಇಳಿಯುವುದರಲ್ಲಿ ಇನ್ನೂ ಒಂದು ಗುಟ್ಟಿದೆ. ರೇಷ್ಮೆಗೆ ಹಾಕುವ ಬಣ್ಣದ ರಾಸಾಯನಿಕ ಬೇರೆ, ಪಾಲಿಯೆಸ್ಟರ್ ದಾರಕ್ಕೆ ಹಾಕುವುದು ಬೇರೆ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಎನಿಸಿದರೂ ಬಿಸಿಲಿನಲ್ಲಿ ಬೇರೆಯಾಗುತ್ತವೆ. ಬಿಸಿಲಿನಲ್ಲಿ ಹೊಂದಿದ್ದು ಛತ್ರದ ಹಳದಿ ದೀಪದಲ್ಲಿ ಕೈಕೊಡಲೂಬಹುದು, ಸೀರೆ ಉಡುವುದು ಅಲ್ಲೇ ತಾನೆ. ತಿಳಿದ ಟೈಲರ್ ಎರಡೂ ಬೆಳಕಿನಲ್ಲಿ ದಾರ ಹಿಡಿದು ನೋಡುತ್ತಾರೆ.

ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ, ವಕೀಲರ ಕೋಟು ಹೊಲಿಯುವವರ ಗೋಳು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕಣ್ಣಿಗೆ ಮರಳಿಸುತ್ತದೆ. ಕಪ್ಪು ಬಟ್ಟೆ ಹತ್ತರಲ್ಲೊಂದು ಪಾಲನ್ನೂ ಮರಳಿಸುವುದಿಲ್ಲ. ದೀಪ ಹತ್ತಿರ ತಂದರೆ ಅರ್ಧ ಪರಿಹಾರ. ಇನ್ನರ್ಧಕ್ಕೆ ದೀಪವನ್ನು ಮೇಲಿಂದ ಇಳಿಸಿ, ಬಟ್ಟೆಯ ಮೈಗೆ ಸವರಿಕೊಂಡು ಹೋಗುವಂತೆ ಓರೆಯಾಗಿ ಬಿಡಿ. ಆಗ ಒಂದೊಂದು ಹೊಲಿಗೆಯೂ ತನ್ನ ಪುಟ್ಟ ನೆರಳನ್ನು ಬೀಳಿಸುತ್ತದೆ. ಬಣ್ಣದಲ್ಲಿ ಕಾಣದ ದಾರ ನೆರಳಿನಲ್ಲಿ ಕಾಣುತ್ತದೆ. ಹೊಲಿಗೆ ಬಿಚ್ಚಲು ಕೂತಾಗಲಂತೂ ಇದನ್ನು ಬಿಟ್ಟರೆ ದಾರಿಯಿಲ್ಲ. ಜರಿಗೆ ಇದರ ವಿರುದ್ಧದ ಪಾಠ: ಸಣ್ಣ, ತೀಕ್ಷ್ಣ ದೀಪವನ್ನು ಎದುರಿಗಿಟ್ಟರೆ ಜರಿ ಕಣ್ಣು ಕೋರೈಸಿ ಪಕ್ಕದ ರೇಷ್ಮೆಯೇ ಕಾಣುವುದಿಲ್ಲ. ದೀಪಕ್ಕೆ ಹಾಲುಬಣ್ಣದ ಮುಚ್ಚಳ ಇರಬೇಕು, ಬೆಳಕು ಪಕ್ಕದಿಂದ ಬರಬೇಕು. ಬಲ್ಬು ಬರಿಗಣ್ಣಿಗೆ ಕಾಣುವಂತೆ ಯಾವ ದೀಪವನ್ನೂ ಇಡಬೇಡಿ. ಕುಲಾವಿಯ ಕೆಳಅಂಚು ನಿಮ್ಮ ಹುಬ್ಬಿಗಿಂತ ತಗ್ಗಿನಲ್ಲಿರಲಿ.

ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವವರು ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಮೂರರಲ್ಲೂ ಬೀದಿಗೆ ಒಬ್ಬರಾದರೂ ಇದ್ದಾರೆ. ಅವರ ಕೆಲಸ ಸೆರಗಿನ ಅಂಚಿನುದ್ದಕ್ಕೂ ಸರಿಯುತ್ತ ಹೋಗುವುದರಿಂದ ಒಂದೇ ಕಡೆ ಬೀಳುವ ಬೆಳಕು ಸಾಲದು. ಸ್ಪ್ರಿಂಗ್ ತೋಳಿನದೇ ಬೇಕು, ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ಎಡದಿಂದ. ಆರಿ ಕೆಲಸದ ಚೌಕಟ್ಟಿಗೆ ತೋಳಿನ ದೀಪವೂ ಉಪಯೋಗವಿಲ್ಲ, ಏಕೆಂದರೆ ಎರಡು ಮೂರು ಜನ ಸುತ್ತ ಕೂರುತ್ತಾರೆ. ಅಲ್ಲಿ ನಾಲ್ಕಡಿ ಟ್ಯೂಬನ್ನೇ ಸರಪಳಿಯಲ್ಲಿ ಇಳಿಬಿಟ್ಟು ಚೌಕಟ್ಟಿನಿಂದ ಮೂರು ಅಡಿ ಮೇಲೆ, ಉದ್ದಕ್ಕೆ ನಿಲ್ಲಿಸಿದರೆ ಯಾರ ಕೈಯ ನೆರಳೂ ಗಾಢವಾಗುವುದಿಲ್ಲ.

ಅಕ್ಕಸಾಲಿಗರ ಮೇಜಿನದು ಬೇರೆಯೇ ಕಥೆ. ಕೆತ್ತನೆಗೆ, ಹರಳು ಕೂರಿಸಲು ಕಣ್ಣು ಕುಕ್ಕದಷ್ಟು ಧಾರಾಳ ಬೆಳಕು ಬೇಕು. ಆದರೆ ಚಿನ್ನ ಕಾಯಿಸುವಾಗ ದೀಪವನ್ನು ಆಚೆ ತಿರುಗಿಸುತ್ತಾರೆ. ಲೋಹ ಮಸುಕು ಕೆಂಪಿಗೆ ತಿರುಗುವ ಗಳಿಗೆ ಹೆಚ್ಚು ಬೆಳಕಿನಲ್ಲಿ ಕಣ್ಣಿಗೆ ಸಿಗುವುದೇ ಇಲ್ಲ, ಗೊತ್ತಾಗುವಷ್ಟರಲ್ಲಿ ಕರಗಿರುತ್ತದೆ. ಅವರಿಗೆ ಬೆಳಕು ಕೊಡುವಷ್ಟೇ ಬೇಗ ಬೆಳಕು ತೆಗೆಯುವ ದೀಪ ಬೇಕು. ಗಡಿಯಾರ ರಿಪೇರಿಯವರು ಲೆನ್ಸನ್ನು ಕಣ್ಣಿಗೆ ಕಚ್ಚಿಕೊಂಡಾಗ ತಲೆ ಮೇಜಿನ ಹತ್ತಿರ ಬರುತ್ತದೆ, ದೀಪ ತಲೆಗೂ ಮೇಜಿಗೂ ನಡುವಿನ ಸಂದಿಯಲ್ಲಿ ತೂರಬೇಕು. 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಶುರುವಾದ ಮೇಲೆ ಈ ಊರಿಗೆ ಅಂಥ ಮೇಜುಗಳ ಪರಿಚಯ ಚೆನ್ನಾಗಿಯೇ ಆಯಿತು. ಬಲ್ಬುಗಳೂ ಇಲ್ಲಿಯವೇ: ಮಲ್ಲೇಶ್ವರದ ಅಂಚಿನ ಹಳೆ ತುಮಕೂರು ರಸ್ತೆಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ ವರ್ಕ್ಸ್ ದಶಕಗಟ್ಟಲೆ ಮನೆಮನೆಗೆ ಬಲ್ಬು, ಟ್ಯೂಬು ಒದಗಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ನಿಂತುಹೋಯಿತು. ಬಲ್ಬು ತಯಾರಿಸಿದ ಊರಿನಲ್ಲೇ ಇವತ್ತು ಸಿಆರ್‌ಐ ಎಷ್ಟು ಎಂದರೆ ‘ಅದೆಲ್ಲ ಗೊತ್ತಿಲ್ಲ ಸಾರ್, ಒಂದು ವರ್ಷ ಗ್ಯಾರಂಟಿ ಇದೆ’ ಎನ್ನುವ ಉತ್ತರ ಸಿಗುತ್ತದೆ.

ಮಿನುಗಿನ ಬಗ್ಗೆ ಚಿಕ್ಕದಾಗಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಹಳೆಯ ಚೋಕಿನ ಟ್ಯೂಬ್‌ಲೈಟು ಆ ಲೆಕ್ಕದಲ್ಲಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕೀಳು ಎಲ್ಇಡಿಯೂ ಹಾಗೆಯೇ. ಬರಿಗಣ್ಣಿಗೆ ಕಾಣದಿದ್ದರೂ ತಲೆನೋವು ತರಿಸಬಲ್ಲದು, ಇನ್ನು ತಿರುಗುವ ಗಾಲಿಯನ್ನು ನಿಂತಂತೆ ತೋರಿಸುವ ಮೋಸವೂ ಅದಕ್ಕೆ ಗೊತ್ತು. ಲೇತು, ಡ್ರಿಲ್ಲು ಇರುವ ವರ್ಕ್‌ಶಾಪಿನಲ್ಲಿ ಅದು ಬೆರಳಿಗೇ ಅಪಾಯ. ಅಂಗಡಿಯಲ್ಲಿ ದೀಪ ಹಚ್ಚಿಸಿ ಅದರ ಕೆಳಗೆ ಒಂದು ಪೆನ್ಸಿಲನ್ನು ಬಿರುಸಾಗಿ ಆಚೀಚೆ ಆಡಿಸಿ. ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗಿ ಹಲವು ಪೆನ್ಸಿಲು ಕಂಡರೆ ದೀಪ ಮಿನುಗುತ್ತಿದೆ ಎಂದರ್ಥ. ಒಂದೇ ಮಸುಕು ಪಟ್ಟೆಯಾಗಿ ಕಂಡರೆ ಕಟ್ಟಿಸಿಕೊಳ್ಳಿ.

ಖರ್ಚಿನ ಭಯ ಬೇಡ. 6 ವ್ಯಾಟಿನ ದೀಪ ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಅಕ್ಕಸಾಲಿಗರೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿಯವರೆಗೆ ಸಿಗುತ್ತದೆ. ಕತ್ತರಿ, ಇಸ್ತ್ರಿಪೆಟ್ಟಿಗೆಗಳ ಯೋಚನೆಯಲ್ಲಿ ದೀಪ ಯಾರಿಗೂ ನೆನಪಾಗುವುದಿಲ್ಲ, ಅದು ಸಲಕರಣೆ ಎನ್ನುವ ಭಾವನೆಯೇ ನಮ್ಮಲ್ಲಿಲ್ಲ. ಕೊಂಡ ದೀಪವನ್ನು ಒರೆಸುವ ಅಭ್ಯಾಸವೂ ಇಲ್ಲ. ಹೊಲಿಗೆ ಅಂಗಡಿಯ ಹತ್ತಿ ಧೂಳು ಕುಲಾವಿಯೊಳಗೆ ಮೆತ್ತಿಕೊಂಡು ತಿಂಗಳುಗಳಲ್ಲಿ ಬೆಳಕು ಕುಗ್ಗುತ್ತದೆ. ಪ್ಲಗ್ ತೆಗೆದು, ಆರಲು ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ.

ಇನ್ನು ವಯಸ್ಸು. ಅರವತ್ತರ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲಷ್ಟೇ ಅದರ ಒಳಪರದೆಗೆ ತಲುಪುತ್ತದೆ. ಮೊಮ್ಮಗಳಿಗೆ ಸಾಕಾದ ಬೆಳಕು ಅಜ್ಜಿಗೆ ಸಾಲದಿರುವುದು ಅದಕ್ಕೆ. ಧಾರಾಳ ಬೆಳಕಿನಲ್ಲಿ ಪಾಪೆ ಇನ್ನಷ್ಟು ಕಿರಿದಾಗಿ ನೋಟ ಚೂಪಾಗುವುದರಿಂದ, ಕನ್ನಡಕವಿಲ್ಲದೆ ದಾರ ಪೋಣಿಸಲು ಬಂದುಬಿಟ್ಟಿತು ಎಂದು ಕೆಲವರು ಹಿಗ್ಗುವುದೂ ಉಂಟು. ಆದರೆ ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಕುಗ್ಗುವುದನ್ನು ಯಾವ ದೀಪವೂ ತಡೆಯದು, ಅದಕ್ಕೆ ಕನ್ನಡಕವೇ ಆಗಬೇಕು. ಚಾಮರಾಜಪೇಟೆಯವರಿಗೆ ಮಿಂಟೊ ಕಣ್ಣಾಸ್ಪತ್ರೆ ಪಕ್ಕದಲ್ಲೇ ಇದೆ, 1913ರಿಂದ ಅದೇ ಕಟ್ಟಡದಲ್ಲಿ. ಎಲ್ಲಿಗೇ ಹೋಗಿ, ‘ಓದೋಕೆ ಕನ್ನಡಕ ಕೊಡಿ ಡಾಕ್ಟ್ರೇ’ ಎಂದಷ್ಟೇ ಹೇಳಿ ಬರಬೇಡಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರಿನ ಲೆಕ್ಕಕ್ಕೆ ಕೊಡುತ್ತಾರೆ. ಮೆಷಿನ್ನಿನ ಮುಂದೆ ನೆಟ್ಟಗೆ ಕೂತಾಗ ಸೂಜಿ ಅದಕ್ಕಿಂತ ದೂರವಿರಬಹುದು, ಕುಚ್ಚು ಕಟ್ಟುವಾಗ ಹತ್ತಿರವಿರಬಹುದು. ಟೇಪು ಹೇಗೂ ಕೊರಳಲ್ಲೇ ಇರುತ್ತದೆ. ಮನೆಯವರ ಕೈಗೆ ಕೊಟ್ಟು ಕಣ್ಣಿನಿಂದ ಸೂಜಿಯವರೆಗೆ ಅಳೆಸಿ, ಆ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.